ಬಾಡಿಗೆ ಮಳಿಗೆಗಳಿರುವ ವಾಣಿಜ್ಯ ಕಟ್ಟಡಗಳು ಮತ್ತು ಹಸಿರು ಕಟ್ಟಡ ಪ್ರಮಾಣೀಕರಣ: ಮಾಲೀಕರು ಹಾಗೂ ಬಾಡಿಗೆದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಹಾವೇರಿ ಜಿಲ್ಲೆಯು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ಅಸ್ತಿತ್ವಕ್ಕೆ ಬಂದ ನಂತರ ಜಿಲ್ಲಾ ಕೇಂದ್ರವಾದ ಹಾವೇರಿ, ವ್ಯಾಪಾರ ಕೇಂದ್ರವಾದ ರಾಣೇಬೆನ್ನೂರು ಹಾಗೂ ಮೆಣಸಿನಕಾಯಿ ಮಾರುಕಟ್ಟೆಗೆ ಹೆಸರಾದ ಬ್ಯಾಡಗಿ ಪಟ್ಟಣಗಳಲ್ಲಿ ವಾಣಿಜ್ಯ ಸಂಕೀರ್ಣಗಳ ನಿರ್ಮಾಣವು ಹೆಚ್ಚುತ್ತಾ ಬಂದಿರುತ್ತದೆ. ಇಂತಹ ಸಂಕೀರ್ಣಗಳಲ್ಲಿ ಕಟ್ಟಡವನ್ನು ಕಟ್ಟುವವರು ಒಬ್ಬರು, ಅದರ ಒಳಗೆ ವ್ಯವಹಾರ ನಡೆಸುವವರು ಮತ್ತೊಬ್ಬರು. ಮಾಲೀಕರು ಗೋಡೆ, ಛಾವಣಿ, ಕಿಟಕಿ, ಮೆಟ್ಟಿಲು, ನೀರು ಮತ್ತು ವಿದ್ಯುತ್ ಮಾರ್ಗಗಳನ್ನು ಒದಗಿಸಿ ಮಳಿಗೆಯನ್ನು ಬರಿದಾಗಿ ವಹಿಸಿಕೊಡುತ್ತಾರೆ. ಅಡ್ಡಗೋಡೆ, ತೂಗುಛಾವಣಿ, ದೀಪ, ಹವಾನಿಯಂತ್ರಕ, ಕಪಾಟು ಮುಂತಾದವುಗಳನ್ನು ಬಾಡಿಗೆದಾರರು ತಮ್ಮ ಖರ್ಚಿನಲ್ಲಿ, ತಮ್ಮ ಇಚ್ಛೆಯಂತೆ ಅಳವಡಿಸಿಕೊಳ್ಳುತ್ತಾರೆ.

ಕಟ್ಟಡಕ್ಕೆ ಹಸಿರು ಕಟ್ಟಡ ಪ್ರಮಾಣಪತ್ರವನ್ನು ಪಡೆಯಲು ಇಚ್ಛಿಸುವ ಮಾಲೀಕರಿಗೆ ಇಲ್ಲಿಯೇ ತೊಡಕು ಉಂಟಾಗುತ್ತದೆ. ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವವರು ಮಾಲೀಕರು. ಆದರೆ ಅದಕ್ಕೆ ಬೇಕಾದ ಫಲಿತಾಂಶದ ಬಹುಭಾಗವು ಬಾಡಿಗೆದಾರರ ಕೈಯಲ್ಲಿರುತ್ತದೆ. ಈ ತೊಡಕನ್ನು ಯಾವ ರೀತಿಯಲ್ಲಿ ನಿವಾರಿಸಿಕೊಳ್ಳಬಹುದು ಎಂಬುದನ್ನು ಕಟ್ಟಡ ಮಾಲೀಕರು, ಬಾಡಿಗೆದಾರರು ಹಾಗೂ ಸ್ಥಳೀಯ ಸಂಸ್ಥೆಗಳ ತಿಳಿವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಹಸಿರು ಕಟ್ಟಡ ಪ್ರಮಾಣೀಕರಣ ಎಂದರೇನು?

ವಿದ್ಯುತ್, ನೀರು ಮತ್ತು ನಿರ್ಮಾಣ ಸಾಮಗ್ರಿಗಳನ್ನು ಮಿತವಾಗಿ ಬಳಸುವ, ಒಳಗಿರುವವರಿಗೆ ಸಾಕಷ್ಟು ಗಾಳಿ ಹಾಗೂ ಬೆಳಕನ್ನು ಒದಗಿಸುವ, ತ್ಯಾಜ್ಯವನ್ನು ಕಡಿಮೆ ಮಾಡುವ ಕಟ್ಟಡವನ್ನು ಸಾಮಾನ್ಯವಾಗಿ ಹಸಿರು ಕಟ್ಟಡ ಎಂದು ಕರೆಯಲಾಗುತ್ತದೆ. ಇಂತಹ ಕಟ್ಟಡವನ್ನು ನಿಗದಿತ ಮಾನದಂಡಗಳ ಪ್ರಕಾರ ಪರಿಶೀಲಿಸಿ, ಅಂಕಗಳನ್ನು ನೀಡಿ, ಶ್ರೇಯಾಂಕವನ್ನು ಘೋಷಿಸುವುದೇ ಪ್ರಮಾಣೀಕರಣ. ಭಾರತದಲ್ಲಿ ಮುಖ್ಯವಾಗಿ ಮೂರು ಪದ್ಧತಿಗಳು ಬಳಕೆಯಲ್ಲಿರುತ್ತವೆ.

(ಅ) ಲೀಡ್: ಅಮೆರಿಕದ ಹಸಿರು ಕಟ್ಟಡ ಮಂಡಳಿಯು ರೂಪಿಸಿದ ಪದ್ಧತಿ. ಹೈದರಾಬಾದಿನಲ್ಲಿರುವ ಭಾರತೀಯ ಕೈಗಾರಿಕಾ ಒಕ್ಕೂಟದ ಸೊಹ್ರಾಬ್ಜಿ ಗೋದ್ರೆಜ್ ಹಸಿರು ವ್ಯವಹಾರ ಕೇಂದ್ರದ ಕಟ್ಟಡವು 2003ರಲ್ಲಿ ಈ ಪದ್ಧತಿಯ ಅತ್ಯುನ್ನತ ಶ್ರೇಣಿಯಾದ ಪ್ಲಾಟಿನಂ ಪಡೆಯಿತು.

(ಆ) ಐಜಿಬಿಸಿ: 2001ರಲ್ಲಿ ಸ್ಥಾಪನೆಯಾದ ಭಾರತೀಯ ಹಸಿರು ಕಟ್ಟಡ ಮಂಡಳಿಯ ಶ್ರೇಯಾಂಕ ಪದ್ಧತಿ. ಹೊಸ ಕಟ್ಟಡ, ಒಳಾಂಗಣ ಮುಂತಾದವುಗಳಿಗೆ ಪ್ರತ್ಯೇಕ ಮಾನದಂಡಗಳಿರುತ್ತವೆ.

(ಇ) ಗೃಹ: ದೆಹಲಿಯ ಟೆರಿ ಸಂಸ್ಥೆಯು ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಸಹಯೋಗದಲ್ಲಿ ರೂಪಿಸಿದ ಪದ್ಧತಿ. ಇದರಲ್ಲಿ ಒಂದರಿಂದ ಐದು ನಕ್ಷತ್ರಗಳವರೆಗೆ ಶ್ರೇಯಾಂಕ ನೀಡಲಾಗುತ್ತದೆ. 2,500 ಚದರ ಮೀಟರಿಗಿಂತ ಕಡಿಮೆ ನಿರ್ಮಿತ ವಿಸ್ತೀರ್ಣದ ಕಟ್ಟಡಗಳಿಗಾಗಿ ‘ಸ್ವಗೃಹ’ ಎಂಬ ಸರಳ ಪದ್ಧತಿಯನ್ನು ರೂಪಿಸಲಾಗಿದ್ದು, ಸಣ್ಣ ಪಟ್ಟಣಗಳ ಕಟ್ಟಡಗಳಿಗೆ ಇದರ ಅಳತೆಯು ಹೆಚ್ಚು ಹೊಂದಿಕೆಯಾಗುತ್ತದೆ.

ಈ ಪದ್ಧತಿಗಳ ಪ್ರಮಾಣಪತ್ರವನ್ನು ಪಡೆಯುವುದು ಸಾಮಾನ್ಯವಾಗಿ ಸ್ವಇಚ್ಛೆಯ ವಿಷಯವಾಗಿರುತ್ತದೆ. ಶಾಸನಬದ್ಧವಾದ ಕಟ್ಟಡ ಸಂಹಿತೆಯು ಇದಕ್ಕಿಂತ ಭಿನ್ನವಾದುದು. ಅದನ್ನು ಮುಂದೆ ವಿವರಿಸಲಾಗಿದೆ.

2. ಸಮಸ್ಯೆಯ ಮೂಲ: ವೆಚ್ಚ ಒಬ್ಬರದು, ಉಳಿತಾಯ ಮತ್ತೊಬ್ಬರದು

ಕಟ್ಟಡಕ್ಕೆ ಶಾಖನಿರೋಧಕ ಛಾವಣಿ, ನೆರಳುಗಟ್ಟೆಯುಳ್ಳ ಕಿಟಕಿ, ಮಳೆನೀರು ಸಂಗ್ರಹ ಮುಂತಾದವುಗಳನ್ನು ಅಳವಡಿಸಲು ಆಗುವ ಬಂಡವಾಳ ವೆಚ್ಚವನ್ನು ಮಾಲೀಕರು ಭರಿಸುತ್ತಾರೆ. ಅದರಿಂದ ಪ್ರತಿ ತಿಂಗಳು ಉಳಿಯುವ ವಿದ್ಯುತ್ ಬಿಲ್ಲಿನ ಮೊತ್ತವು ಬಾಡಿಗೆದಾರರ ಪಾಲಾಗುತ್ತದೆ. ಮತ್ತೊಂದೆಡೆ, ಬಾಡಿಗೆದಾರರು ದುಬಾರಿ ಹಾಗೂ ಮಿತಬಳಕೆಯ ದೀಪ, ಫ್ಯಾನು, ಹವಾನಿಯಂತ್ರಕಗಳಿಗೆ ಹಣ ಹೂಡಿದರೆ, ಮಳಿಗೆಯನ್ನು ಎಷ್ಟು ಕಾಲ ಉಳಿಸಿಕೊಳ್ಳಬಹುದು ಎಂಬ ಭರವಸೆ ಅವರಿಗೆ ಇರುವುದಿಲ್ಲ. ಹೀಗಾಗಿ ಇಬ್ಬರೂ ಅಗ್ಗದ ಆಯ್ಕೆಯತ್ತ ಒಲಿಯುತ್ತಾರೆ. ಇದರಲ್ಲಿ ಯಾರೊಬ್ಬರ ತಪ್ಪೂ ಇಲ್ಲ; ಲೆಕ್ಕದ ಎರಡು ಬದಿಗಳು ಎರಡು ಬೇರೆ ಪುಸ್ತಕಗಳಲ್ಲಿರುವುದೇ ಇದಕ್ಕೆ ಕಾರಣ.

ಹಸಿರು ಕಟ್ಟಡದ ಗುಣವು ಒಳಾಂಗಣದಲ್ಲಿ ಹೇಗೆ ನಷ್ಟವಾಗುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದ ಮೂಲಕ ಗಮನಿಸಬಹುದು. 30 ಚದರ ಮೀಟರ್ ವಿಸ್ತೀರ್ಣದ ಬಟ್ಟೆ ಅಂಗಡಿಯೊಂದರಲ್ಲಿ ತಲಾ 20 ವ್ಯಾಟಿನ 8 ಎಲ್‌ಇಡಿ ಕೊಳವೆ ದೀಪಗಳಿದ್ದರೆ ಒಟ್ಟು ಹೊರೆ 160 ವ್ಯಾಟ್, ಅಂದರೆ ಪ್ರತಿ ಚದರ ಮೀಟರಿಗೆ ಸುಮಾರು 5.3 ವ್ಯಾಟ್ ಆಗುತ್ತದೆ. ಬಾಡಿಗೆದಾರರು ತೂಗುಛಾವಣಿ ಹಾಕಿಸಿ, ಅದರಲ್ಲಿ ತಲಾ 12 ವ್ಯಾಟಿನ 30 ಅಲಂಕಾರಿಕ ದೀಪಗಳನ್ನು ಸೇರಿಸಿದರೆ ಹೊರೆಯು 520 ವ್ಯಾಟಿಗೆ, ಅಂದರೆ ಪ್ರತಿ ಚದರ ಮೀಟರಿಗೆ ಸುಮಾರು 17.3 ವ್ಯಾಟಿಗೆ ಏರುತ್ತದೆ. ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ಬಳಸಿದಲ್ಲಿ, 480 ಯೂನಿಟ್ ಆಗಬೇಕಾದ ಬಳಕೆಯು 1,560 ಯೂನಿಟ್ ಆಗುತ್ತದೆ. ದೀಪಗಳಿಗೆ ಹೋದ ವಿದ್ಯುತ್ತು ಕೊನೆಗೆ ಅದೇ ಕೊಠಡಿಯಲ್ಲಿ ಶಾಖವಾಗಿ ಉಳಿಯುವುದರಿಂದ, ಹವಾನಿಯಂತ್ರಕವು ಆ ಶಾಖವನ್ನು ಹೊರಹಾಕಲು ಮತ್ತಷ್ಟು ವಿದ್ಯುತ್ತನ್ನು ಬಳಸುತ್ತದೆ. ಕಟ್ಟಡದ ಗೋಡೆ ಮತ್ತು ಛಾವಣಿ ಎಷ್ಟೇ ಉತ್ತಮವಾಗಿದ್ದರೂ ಈ ಹೆಚ್ಚಳವನ್ನು ತಡೆಯಲು ಅವುಗಳಿಂದ ಸಾಧ್ಯವಾಗುವುದಿಲ್ಲ.

3. ಪ್ರಮಾಣೀಕರಣ ಪದ್ಧತಿಗಳು ಈ ಸ್ಥಿತಿಯನ್ನು ಹೇಗೆ ಪರಿಗಣಿಸುತ್ತವೆ?

ಬಾಡಿಗೆಗಾಗಿ ಕಟ್ಟಿದ ಕಟ್ಟಡಗಳನ್ನು ಸ್ವಂತ ಬಳಕೆಯ ಕಟ್ಟಡಗಳಂತೆಯೇ ಅಳೆಯುವುದು ನ್ಯಾಯವಲ್ಲ ಎಂಬುದನ್ನು ಈ ಪದ್ಧತಿಗಳು ಒಪ್ಪಿಕೊಂಡಿರುತ್ತವೆ.

ಲೀಡ್ ಪದ್ಧತಿಯಲ್ಲಿ ‘ಕೋರ್ ಅಂಡ್ ಶೆಲ್’ ಎಂಬ ಪ್ರತ್ಯೇಕ ವರ್ಗವಿದ್ದು, ಇದನ್ನು ಕಟ್ಟಡದ ಹೊರಕವಚ ಹಾಗೂ ಸಾಮಾನ್ಯ ಸೌಲಭ್ಯಗಳ ವರ್ಗ ಎಂದು ತಿಳಿಯಬಹುದು. ಲೀಡ್ ನಾಲ್ಕನೆಯ ಆವೃತ್ತಿಯ ಪ್ರಕಾರ, ಪ್ರಮಾಣೀಕರಣದ ಸಮಯದಲ್ಲಿ ಒಟ್ಟು ವಿಸ್ತೀರ್ಣದ ಶೇ. 40ಕ್ಕಿಂತ ಹೆಚ್ಚಿನ ಭಾಗದ ಒಳಾಂಗಣವು ಅಪೂರ್ಣವಾಗಿದ್ದಲ್ಲಿ ಈ ವರ್ಗವು ಅನ್ವಯವಾಗುತ್ತದೆ. ಐಜಿಬಿಸಿಯ ಹೊಸ ಕಟ್ಟಡಗಳ ಮೂರನೆಯ ಆವೃತ್ತಿಯು ನಿರ್ಮಿತ ವಿಸ್ತೀರ್ಣದ ಶೇ. 51 ಅಥವಾ ಅದಕ್ಕಿಂತ ಹೆಚ್ಚಿನ ಭಾಗವು ಯಾರ ಬಳಕೆಯಲ್ಲಿದೆ ಎಂಬುದರ ಆಧಾರದ ಮೇಲೆ ‘ಮಾಲೀಕರ ಬಳಕೆಯ ಕಟ್ಟಡ’ ಮತ್ತು ‘ಬಾಡಿಗೆದಾರರ ಬಳಕೆಯ ಕಟ್ಟಡ’ ಎಂದು ವಿಂಗಡಿಸುತ್ತದೆ. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ, ಕಟ್ಟಡದ ಎಷ್ಟು ಭಾಗವನ್ನು ಮಾಲೀಕರು ತಾವೇ ಉಳಿಸಿಕೊಳ್ಳುತ್ತಾರೆ ಎಂಬುದನ್ನು ಚದರ ಮೀಟರುಗಳಲ್ಲಿ ಲೆಕ್ಕಹಾಕಿಕೊಳ್ಳುವುದು ಮೊದಲ ಕರ್ತವ್ಯವಾಗಿರುತ್ತದೆ.

ಇಲ್ಲಿ ಮಾಲೀಕರು ಗಮನಿಸಬೇಕಾದ ಮುಖ್ಯ ವ್ಯತ್ಯಾಸವೊಂದಿದೆ. ಬಾಡಿಗೆದಾರರಿಗೆ ನೀಡುವ ‘ಮಾರ್ಗದರ್ಶಿ’ ಬೇರೆ, ಬಾಡಿಗೆದಾರರನ್ನು ಬದ್ಧಗೊಳಿಸುವ ‘ಒಪ್ಪಂದದ ಷರತ್ತು’ ಬೇರೆ. ಕಟ್ಟಡದ ವಿಶೇಷತೆಗಳನ್ನು ಮತ್ತು ಒಳಾಂಗಣಕ್ಕೆ ಸೂಕ್ತವಾದ ಸಾಮಗ್ರಿಗಳನ್ನು ತಿಳಿಸುವ ಮಾರ್ಗದರ್ಶಿಯನ್ನು ಒಪ್ಪಂದಕ್ಕೆ ಸಹಿ ಬೀಳುವ ಮುನ್ನವೇ ಬಾಡಿಗೆದಾರರಿಗೆ ಒದಗಿಸಬೇಕೆಂದು ಲೀಡ್ ಪದ್ಧತಿಯು ಹೇಳುತ್ತದೆ. ಆದರೆ ಮಾರ್ಗದರ್ಶಿಯು ಸಲಹೆ ಮಾತ್ರ. ಬಾಡಿಗೆದಾರರ ಜಾಗದೊಳಗಿನ ದೀಪ, ನೀರಿನ ನಲ್ಲಿ, ಗಾಳಿಯ ಗುಣಮಟ್ಟ ಮುಂತಾದವುಗಳ ಅಂಕಗಳನ್ನು ಮಾಲೀಕರು ಪಡೆಯಬೇಕಾದಲ್ಲಿ, ಆ ಅವಶ್ಯಕತೆಗಳು ಬಾಡಿಗೆ ಒಪ್ಪಂದದಲ್ಲಿ ಬದ್ಧ ಷರತ್ತುಗಳಾಗಿ ದಾಖಲಾಗಿರಬೇಕು. ಪುಸ್ತಿಕೆಯನ್ನು ಮುದ್ರಿಸಿ ಹಂಚಿದ ಮಾತ್ರಕ್ಕೆ ಆ ಅಂಕಗಳು ದೊರೆಯುವುದಿಲ್ಲ.

ಆಸ್ಟ್ರೇಲಿಯಾದ ನೇಬರ್ಸ್ ಪದ್ಧತಿಯು ಇದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕಂಡುಕೊಂಡಿದೆ. ಅಲ್ಲಿ ಕಚೇರಿ ಕಟ್ಟಡಗಳ ವಿದ್ಯುತ್ ಬಳಕೆಗೆ ಮೂಲ ಕಟ್ಟಡ, ಬಾಡಿಗೆ ಭಾಗ ಹಾಗೂ ಇಡೀ ಕಟ್ಟಡ ಎಂದು ಮೂರು ಪ್ರತ್ಯೇಕ ಶ್ರೇಯಾಂಕಗಳನ್ನು ನೀಡಲಾಗುತ್ತದೆ. ಮಾಲೀಕರ ಸಾಧನೆಯನ್ನು ಬಾಡಿಗೆದಾರರ ಬಳಕೆಯೊಂದಿಗೆ ಬೆರೆಸದೆ ತೋರಿಸುವ ಈ ಕ್ರಮವು ಪ್ರತ್ಯೇಕ ಮಾಪಕಗಳ ಮಹತ್ವವನ್ನು ಸ್ಪಷ್ಟಪಡಿಸುತ್ತದೆ.

4. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ ಅವಶ್ಯಕತೆ

ಇಂಧನ ಸಂರಕ್ಷಣಾ ಅಧಿನಿಯಮ, 2001ರ ಅಡಿಯಲ್ಲಿ ಕೇಂದ್ರ ಸರ್ಕಾರವು 2007ರಲ್ಲಿ ಮೊದಲ ಬಾರಿಗೆ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯನ್ನು ಪ್ರಕಟಿಸಿ, 2017ರಲ್ಲಿ ಅದನ್ನು ಪರಿಷ್ಕರಿಸಿತು. 100 ಕಿಲೋವ್ಯಾಟ್ ಅಥವಾ ಹೆಚ್ಚಿನ ಸಂಪರ್ಕಿತ ಹೊರೆ, ಇಲ್ಲವೇ 120 ಕೆವಿಎ ಅಥವಾ ಹೆಚ್ಚಿನ ಒಪ್ಪಂದಿತ ಬೇಡಿಕೆ ಇರುವ ವಾಣಿಜ್ಯ ಕಟ್ಟಡಗಳನ್ನು 2017ರ ಸಂಹಿತೆಯು ತನ್ನ ವ್ಯಾಪ್ತಿಗೆ ತಂದಿತು. ಕರ್ನಾಟಕದಲ್ಲಿ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವು ಅಧಿನಿಯಮದ ಅಡಿಯಲ್ಲಿ ನಿಯೋಜಿತ ಸಂಸ್ಥೆಯಾಗಿರುತ್ತದೆ. 2022ರ ತಿದ್ದುಪಡಿಯು ಸಂಹಿತೆಯ ಹೆಸರಿಗೆ ‘ಸುಸ್ಥಿರ’ ಎಂಬ ಪದವನ್ನು ಸೇರಿಸಿದ್ದಲ್ಲದೆ, ವಸತಿ ಕಟ್ಟಡಗಳನ್ನೂ ಅದರ ವ್ಯಾಪ್ತಿಗೆ ತರಲು ಅವಕಾಶ ಕಲ್ಪಿಸಿತು.

ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಅಂಶವು 2017ರ ಸಂಹಿತೆಯಲ್ಲಿಯೇ ಇರುತ್ತದೆ. ಹೊರಕವಚ ಹಾಗೂ ಸಾಮಾನ್ಯ ಸೌಲಭ್ಯಗಳನ್ನು ಮಾತ್ರ ಮಾಲೀಕರು ಒದಗಿಸುವ ಕಟ್ಟಡಗಳಲ್ಲಿ, ಕಟ್ಟಡದ ಹೊರಮೈ ಮತ್ತು ಮಾಲೀಕರು ಅಳವಡಿಸಿದ ಹವಾನಿಯಂತ್ರಣ, ದೀಪ, ವಿದ್ಯುತ್ ವ್ಯವಸ್ಥೆಗಳು ಸಂಹಿತೆಗೆ ಅನುಗುಣವಾಗಿರಬೇಕು. ಇದರ ಜೊತೆಗೆ, ಬಾಡಿಗೆದಾರರು ಮಾಡಿಕೊಳ್ಳುವ ಒಳಾಂಗಣ ವ್ಯವಸ್ಥೆಯೂ ಸಂಹಿತೆಗೆ ಅನುಗುಣವಾಗಿರುತ್ತದೆ ಎಂಬ ಕಾನೂನುಬದ್ಧ ಮುಚ್ಚಳಿಕೆಯ ಷರತ್ತು ಬಾಡಿಗೆ ಒಪ್ಪಂದದಲ್ಲಿ ಇರತಕ್ಕದ್ದು ಎಂದು ಸಂಹಿತೆಯು ಹೇಳುತ್ತದೆ. ಅಂದರೆ, ಬಾಡಿಗೆ ಒಪ್ಪಂದವು ಕೇವಲ ಹಣದ ಕರಾರಾಗಿ ಉಳಿಯದೆ, ಮಂಜೂರಾದ ನಕ್ಷೆಯಂತೆ ಕಟ್ಟಡದ ದಾಖಲೆಗಳಲ್ಲಿ ಒಂದಾಗಿ ಪರಿಗಣಿತವಾಗುತ್ತದೆ.

ಸಣ್ಣ ಪಟ್ಟಣದ ಕಟ್ಟಡಕ್ಕೆ 100 ಕಿಲೋವ್ಯಾಟ್ ಬಹಳ ದೂರದ ಮಿತಿಯೆಂದು ಭಾವಿಸುವುದು ಸರಿಯಲ್ಲ. ತಲಾ 2 ಕಿಲೋವ್ಯಾಟ್ ಹೊರೆಯ 30 ಮಳಿಗೆಗಳ ಒಟ್ಟು ಹೊರೆ 60 ಕಿಲೋವ್ಯಾಟ್. ಪ್ರತಿಯೊಬ್ಬ ಬಾಡಿಗೆದಾರರೂ ಹವಾನಿಯಂತ್ರಕ ಮತ್ತು ಅಲಂಕಾರಿಕ ದೀಪಗಳಿಗಾಗಿ ಮತ್ತೆ 2 ಕಿಲೋವ್ಯಾಟ್ ಸೇರಿಸಿಕೊಂಡರೆ ಅದು 120 ಕಿಲೋವ್ಯಾಟ್ ಆಗುತ್ತದೆ. ಆದ್ದರಿಂದ ವಿನ್ಯಾಸದ ಹಂತದಲ್ಲಿಯೇ ಬಾಡಿಗೆದಾರರ ಸಂಭಾವ್ಯ ಹೊರೆಯನ್ನೂ ಅಂದಾಜು ಮಾಡಿ, ಸಂಹಿತೆಯ ಅನ್ವಯಿಕತೆಯನ್ನು ವಾಸ್ತುಶಿಲ್ಪಿಗಳ ಮೂಲಕ ಖಚಿತಪಡಿಸಿಕೊಳ್ಳುವುದು ಸೂಕ್ತ.

5. ಮೂರು ಪಟ್ಟಣಗಳು, ಮೂರು ಬಗೆಯ ಒಳಾಂಗಣ

ಬಾಡಿಗೆದಾರರ ವ್ಯವಹಾರ ಯಾವುದು ಎಂಬುದನ್ನು ಅರಿಯದೆ ಷರತ್ತುಗಳನ್ನು ಬರೆದರೆ ಅವು ಕಾಗದದಲ್ಲಿಯೇ ಉಳಿಯುತ್ತವೆ. ಮೂರೂ ಪಟ್ಟಣಗಳ ಅಗತ್ಯಗಳು ಒಂದೇ ತೆರನಾಗಿಲ್ಲ.

ಹಾವೇರಿ: ಜಿಲ್ಲಾ ಕೇಂದ್ರವಾಗಿರುವುದರಿಂದ ಇಲ್ಲಿನ ಸಂಕೀರ್ಣಗಳ ಮೇಲಂತಸ್ತುಗಳಲ್ಲಿ ಬ್ಯಾಂಕು, ವಿಮಾ ಕಚೇರಿ, ವಕೀಲರ ಕಚೇರಿ, ತರಬೇತಿ ಕೇಂದ್ರ ಮುಂತಾದವುಗಳಿಗೆ ಬೇಡಿಕೆ ಇರುತ್ತದೆ. ಇಂತಹ ಜಾಗಗಳಲ್ಲಿ ಕಿಟಕಿಯ ಪಕ್ಕದಲ್ಲಿಯೇ ಮುಖ್ಯಸ್ಥರ ಕೊಠಡಿಯನ್ನು ಎತ್ತರದ ಹಲಗೆಗೋಡೆಯಿಂದ ಬೇರ್ಪಡಿಸುವುದು ರೂಢಿ. ಹಗಲು ಬೆಳಕು ಕಿಟಕಿಯ ಮೇಲಂಚಿನ ಎತ್ತರಕ್ಕೆ ಅನುಗುಣವಾಗಿ ಒಳಗೆ ಹರಿಯುತ್ತದೆ. ಆ ಎತ್ತರವನ್ನು ಮೀರಿದ ಅಪಾರದರ್ಶಕ ಗೋಡೆ ಅಡ್ಡ ಬಂದಲ್ಲಿ ಅಲ್ಲಿಗೇ ನಿಲ್ಲುತ್ತದೆ. ಒಬ್ಬರ ಕೊಠಡಿಗೆ ಬೆಳಕು ದೊರೆತು, ಉಳಿದ ಸಿಬ್ಬಂದಿ ಹಾಗೂ ಸಾರ್ವಜನಿಕರು ಹಗಲಿನಲ್ಲಿಯೂ ದೀಪದ ಕೆಳಗೆ ಕುಳಿತುಕೊಳ್ಳಬೇಕಾಗುತ್ತದೆ. ಅಡ್ಡಗೋಡೆಯ ಮೇಲ್ಭಾಗವನ್ನು ಗಾಜಿನಿಂದ ನಿರ್ಮಿಸಬೇಕು ಅಥವಾ ಮುಚ್ಚಿದ ಕೊಠಡಿಗಳನ್ನು ಒಳಭಾಗಕ್ಕೆ ಸರಿಸಬೇಕು ಎಂಬ ಒಂದು ಷರತ್ತು ಇದನ್ನು ಬಹುಮಟ್ಟಿಗೆ ನಿವಾರಿಸುತ್ತದೆ.

ರಾಣೇಬೆನ್ನೂರು: ಈ ಪಟ್ಟಣವು ಬಿತ್ತನೆ ಬೀಜದ ವ್ಯವಹಾರಕ್ಕೆ ಪ್ರಸಿದ್ಧವಾಗಿದೆ. ಬೀಜದ ಮೊಳಕೆ ಶಕ್ತಿ ಉಳಿಯಬೇಕಾದರೆ ತೇವಾಂಶ ಮತ್ತು ಉಷ್ಣಾಂಶ ಎರಡೂ ಕಡಿಮೆ ಇರಬೇಕು. ಆದ್ದರಿಂದ ಬೀಜ ವ್ಯಾಪಾರಿಗಳು ದಾಸ್ತಾನು ಕೊಠಡಿಗೆ ಹವಾನಿಯಂತ್ರಕ ಬಳಸುವುದನ್ನು ದುಂದು ಎನ್ನಲಾಗದು. ಅದು ವ್ಯವಹಾರದ ಅವಶ್ಯಕತೆ. ಇಲ್ಲಿ ಹವಾನಿಯಂತ್ರಕವನ್ನು ನಿಷೇಧಿಸುವ ಷರತ್ತಿಗಿಂತ, ದಾಸ್ತಾನು ಕೊಠಡಿಯನ್ನು ಪಶ್ಚಿಮದ ಬಿಸಿಲು ತಾಗದ ಬದಿಯಲ್ಲಿ ಇಡುವುದು, ಗೋಡೆ ಹಾಗೂ ಬಾಗಿಲಿಗೆ ಶಾಖನಿರೋಧಕ ಅಳವಡಿಸುವುದು, ಅದನ್ನು ಮಾರಾಟದ ಜಾಗದಿಂದ ಬೇರ್ಪಡಿಸುವುದು ಮತ್ತು ಪ್ರತ್ಯೇಕ ಉಪಮಾಪಕ ಇಡುವುದು ಹೆಚ್ಚು ಪ್ರಯೋಜನಕಾರಿ.

ಬ್ಯಾಡಗಿ: ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆವಕದ ತಿಂಗಳುಗಳಲ್ಲಿ ಮಾರುಕಟ್ಟೆ ಪ್ರದೇಶದ ಗಾಳಿಯಲ್ಲಿ ಘಾಟು ಮತ್ತು ಧೂಳು ತುಂಬಿರುತ್ತವೆ. ಹೊರಗಿನ ಘಾಟು ತಡೆಯಲೆಂದು ಪಕ್ಕದ ಮಳಿಗೆಯವರು ಗವಾಕ್ಷಿಗಳನ್ನು ಹಲಗೆಯಿಂದ ಮುಚ್ಚುವುದು ಸಹಜ. ಮುಚ್ಚಿದ ಗವಾಕ್ಷಿಯು ಆವಕ ಮುಗಿದ ನಂತರವೂ ತೆರೆಯುವುದಿಲ್ಲ. ಮೆಣಸಿನಕಾಯಿ ಚೀಲಗಳಿರುವ ಮಳಿಗೆಯ ಒಳಗೆ ದುಡಿಯುವ ಹಮಾಲರು ಮತ್ತು ಕಾಯಿ ಹಸನು ಮಾಡುವ ಮಹಿಳೆಯರಂತೂ ವರ್ಷವಿಡೀ ಅದೇ ಗಾಳಿಯನ್ನು ಉಸಿರಾಡಬೇಕಾಗುತ್ತದೆ. ಒಳಗಾಳಿಯ ಗುಣಮಟ್ಟದ ಅಂಕವೆಂಬುದು ಇಲ್ಲಿ ಪ್ರಮಾಣಪತ್ರದ ಔಪಚಾರಿಕತೆಯಾಗಿ ಉಳಿಯದೆ, ದುಡಿಯುವವರ ಆರೋಗ್ಯದ ಪ್ರಶ್ನೆಯಾಗುತ್ತದೆ. ಚೀಲ ದಾಸ್ತಾನಿನ ಮಳಿಗೆಗಳನ್ನು ಕಟ್ಟಡದ ಒಂದೇ ಪಾರ್ಶ್ವಕ್ಕೆ ಸೀಮಿತಗೊಳಿಸುವುದು, ಅಲ್ಲಿಯ ಗಾಳಿಯನ್ನು ಛಾವಣಿಯ ಮೇಲಕ್ಕೆ ಹೊರಹಾಕುವ ಕೊಳವೆಯನ್ನು ಮಾಲೀಕರೇ ನಿರ್ಮಿಸಿಕೊಡುವುದು ಹಾಗೂ ಗವಾಕ್ಷಿಗಳಿಗೆ ತೆರೆದು ಮುಚ್ಚಬಹುದಾದ ಜಾಲರಿ ಪಟ್ಟಿಗಳನ್ನು ಅಳವಡಿಸುವುದು ಸೂಕ್ತ ಕ್ರಮಗಳಾಗಿರುತ್ತವೆ.

6. ಬಾಡಿಗೆ ಒಪ್ಪಂದದಲ್ಲಿ ಸೇರಿಸಬಹುದಾದ ಷರತ್ತುಗಳು

ಹಸಿರು ಅಂಶಗಳನ್ನು ಒಳಗೊಂಡ ಬಾಡಿಗೆ ಒಪ್ಪಂದವನ್ನು ‘ಹಸಿರು ಗುತ್ತಿಗೆ’ ಎಂದು ಕರೆಯುವುದುಂಟು. ಇದರಲ್ಲಿ ಕನಿಷ್ಠ ಈ ಕೆಳಕಂಡ ಅಂಶಗಳಿರುವುದು ಅಪೇಕ್ಷಣೀಯ:

(1) ಒಳಾಂಗಣ ಕೆಲಸ ಆರಂಭಿಸುವ ಮುನ್ನ ಬಾಡಿಗೆದಾರರು ಅದರ ನಕ್ಷೆ ಮತ್ತು ವಿದ್ಯುತ್ ಹೊರೆಯ ಪಟ್ಟಿಯನ್ನು ಮಾಲೀಕರಿಗೆ ನೀಡುವುದು. ಮಾಲೀಕರು ನಿಗದಿತ ದಿನಗಳೊಳಗೆ ಲಿಖಿತ ಒಪ್ಪಿಗೆ ಅಥವಾ ಕಾರಣಸಹಿತ ಆಕ್ಷೇಪಣೆ ತಿಳಿಸುವುದು.

(2) ಪ್ರತಿ ಚದರ ಮೀಟರಿಗೆ ದೀಪಗಳ ಗರಿಷ್ಠ ವ್ಯಾಟ್ ಮಿತಿಯನ್ನು ಸಂಖ್ಯೆಯಲ್ಲಿ ನಮೂದಿಸುವುದು. ‘ಮಿತವಾಗಿ ಬಳಸತಕ್ಕದ್ದು’ ಎಂಬಂತಹ ಪದಗಳಿಗೆ ಅಳತೆ ಇರುವುದಿಲ್ಲ.

(3) ಹವಾನಿಯಂತ್ರಕ ಮತ್ತು ಫ್ಯಾನುಗಳಿಗೆ ಇಂಧನ ದಕ್ಷತಾ ಬ್ಯೂರೋದ ಕನಿಷ್ಠ ನಕ್ಷತ್ರ ಶ್ರೇಣಿಯನ್ನು ಸೂಚಿಸುವುದು. ಹಳೆಯ ಮಾದರಿಯ ಛಾವಣಿ ಫ್ಯಾನು ಸುಮಾರು 75 ವ್ಯಾಟ್ ಬಳಸಿದರೆ, ದಕ್ಷ ಮಾದರಿಯ ಫ್ಯಾನು ಸುಮಾರು 30 ವ್ಯಾಟಿನಲ್ಲಿ ಕೆಲಸ ಮಾಡುತ್ತದೆ.

(4) ಕಿಟಕಿ, ಗವಾಕ್ಷಿ ಹಾಗೂ ಹೊರದಾರಿಗಳನ್ನು ಕಪಾಟು, ಫಲಕ ಅಥವಾ ಅಡ್ಡಗೋಡೆಯಿಂದ ಮುಚ್ಚದಿರುವುದು. ಇದು ಬೆಳಕಿಗೆ ಮಾತ್ರವಲ್ಲದೆ ಅಗ್ನಿ ಸುರಕ್ಷತೆಗೂ ಅವಶ್ಯ.

(5) ಬಣ್ಣ, ಅಂಟು, ಹಲಗೆಗಳಲ್ಲಿ ಹಾನಿಕಾರಕ ಆವಿ ಕಡಿಮೆ ಇರುವ ಸಾಮಗ್ರಿಗಳನ್ನು ಬಳಸುವುದು. ನೀರಿನ ನಲ್ಲಿಗಳಿಗೆ ಹರಿವು ತಗ್ಗಿಸುವ ಸಾಧನ ಅಳವಡಿಸುವುದು.

(6) ಖರೀದಿ ರಸೀದಿ ಮತ್ತು ಛಾಯಾಚಿತ್ರಗಳನ್ನು ಪ್ರಮಾಣೀಕರಣದ ದಾಖಲೆಗಾಗಿ ಮಾಲೀಕರಿಗೆ ಒದಗಿಸುವುದು.

(7) ಮಳಿಗೆ ತೆರವು ಮಾಡುವಾಗ ಯಾವ ವಸ್ತುಗಳನ್ನು ಬಿಟ್ಟುಹೋಗಬೇಕು, ಅದಕ್ಕೆ ಮಾಲೀಕರು ಯಾವ ದರದಲ್ಲಿ ಮೌಲ್ಯ ನೀಡಬೇಕು ಎಂಬುದನ್ನು ಮುಂಚಿತವಾಗಿ ನಿಗದಿಪಡಿಸುವುದು.

ಇವುಗಳಲ್ಲಿ ಏಳನೆಯ ಅಂಶವನ್ನು ಬಹುತೇಕ ಒಪ್ಪಂದಗಳಲ್ಲಿ ಮರೆಯಲಾಗುತ್ತದೆ. ದಕ್ಷ ಉಪಕರಣಕ್ಕೆ ಹೂಡಿದ ಹಣದಲ್ಲಿ ಸವಕಳಿ ಕಳೆದು ಉಳಿದ ಮೊತ್ತವು ತಮಗೆ ಮರಳುತ್ತದೆ ಎಂಬ ಖಾತ್ರಿ ದೊರೆತಲ್ಲಿ ಮಾತ್ರ ಸಣ್ಣ ವ್ಯಾಪಾರಿಯು ಹೆಚ್ಚು ಬೆಲೆಯ ಉಪಕರಣವನ್ನು ಕೊಳ್ಳುವ ಧೈರ್ಯ ಮಾಡುತ್ತಾನೆ. ಬಾಡಿಗೆದಾರರ ಮೇಲೆ ಕರ್ತವ್ಯಗಳನ್ನು ಮಾತ್ರ ಹೊರಿಸುವ ಒಪ್ಪಂದವು ಪಾಲನೆಯಾಗುವುದು ವಿರಳ.

7. ಒಪ್ಪಂದದ ಅವಧಿ ಮತ್ತು ನೋಂದಣಿ

ಆಸ್ತಿ ವರ್ಗಾವಣೆ ಅಧಿನಿಯಮ, 1882ರ ಕಲಂ 107ರ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಸ್ಥಿರಾಸ್ತಿ ಗುತ್ತಿಗೆಯನ್ನು ನೋಂದಾಯಿತ ದಸ್ತಾವೇಜಿನ ಮೂಲಕವೇ ಮಾಡಿಕೊಳ್ಳಬೇಕಾಗಿರುತ್ತದೆ. ಈ ಕಾರಣದಿಂದ ನೋಂದಣಿಯನ್ನು ತಪ್ಪಿಸಲು 11 ತಿಂಗಳ ಕರಾರು ಬರೆದುಕೊಂಡು, ಅದನ್ನು ಮತ್ತೆ ಮತ್ತೆ ನವೀಕರಿಸುವ ಪರಿಪಾಠ ಬೆಳೆದುಬಂದಿದೆ. ಹಸಿರು ಷರತ್ತುಗಳ ದೃಷ್ಟಿಯಿಂದ ಇದು ದುರ್ಬಲ ವ್ಯವಸ್ಥೆ. 11 ತಿಂಗಳ ಅವಧಿಗೆ ಯಾವ ಬಾಡಿಗೆದಾರರೂ ದೀರ್ಘಕಾಲದ ಹೂಡಿಕೆ ಮಾಡುವುದಿಲ್ಲ. ನವೀಕರಣದ ವೇಳೆ ಬಾಡಿಗೆಯ ಮೊತ್ತವನ್ನು ಮಾತ್ರ ತಿದ್ದಿ ಉಳಿದ ಷರತ್ತುಗಳನ್ನು ಕೈಬಿಡುವ ಸಂಭವವೂ ಇರುತ್ತದೆ.

ಇದೇ ಅಧಿನಿಯಮದ ಕಲಂ 108ರ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿಯಲ್ಲಿ ಹೇಳದಿದ್ದಲ್ಲಿ, ಬಾಡಿಗೆದಾರರು ಮಾಲೀಕರ ಸಮ್ಮತಿಯಿಲ್ಲದೆ ಶಾಶ್ವತ ನಿರ್ಮಾಣ ಮಾಡುವಂತಿಲ್ಲ ಹಾಗೂ ಸಹಜ ಸವೆತವನ್ನು ಹೊರತುಪಡಿಸಿ ಜಾಗವನ್ನು ಮೊದಲಿನ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಆದರೆ ದೀಪ, ಕಪಾಟು ಮುಂತಾದ ತೆಗೆಯಬಹುದಾದ ವ್ಯವಸ್ಥೆಗಳ ಬಗ್ಗೆ ಈ ಕಲಮನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಪ್ರಮಾಣೀಕರಣಕ್ಕೆ ಧಕ್ಕೆ ತರುವ ಬದಲಾವಣೆಗಳು ಬಹುತೇಕ ಇಂತಹವೇ ಆಗಿರುವುದರಿಂದ, ಅವುಗಳನ್ನು ಒಪ್ಪಂದದಲ್ಲಿ ಹೆಸರಿಸಿ ನಮೂದಿಸುವುದು ಅವಶ್ಯವಾಗಿರುತ್ತದೆ. ಪ್ರಮಾಣೀಕರಣ ಪಡೆಯಲಿಚ್ಛಿಸುವ ಕಟ್ಟಡಗಳಲ್ಲಿ ಮೂರು ಅಥವಾ ಐದು ವರ್ಷಗಳ ನೋಂದಾಯಿತ ಗುತ್ತಿಗೆಯು ಉಭಯತರಿಗೂ ಹಿತಕರ.

ಹಾವೇರಿ ಹಾಗೂ ರಾಣೇಬೆನ್ನೂರಿನ ನಗರಸಭೆ, ಬ್ಯಾಡಗಿ ಪುರಸಭೆಯಂತಹ ಸ್ಥಳೀಯ ಸಂಸ್ಥೆಗಳು ತಮ್ಮ ಮಳಿಗೆಗಳನ್ನು ಹರಾಜಿನ ಮೂಲಕ ಬಾಡಿಗೆಗೆ ನೀಡುವ ಸಂದರ್ಭಗಳಲ್ಲಿ ಇಂತಹ ಷರತ್ತುಗಳು ಹರಾಜು ಪ್ರಕಟಣೆಯಲ್ಲಿಯೇ ಇರಬೇಕಾಗುತ್ತದೆ. ಅತಿ ಹೆಚ್ಚಿನ ಬಿಡ್ ಸಲ್ಲಿಸಿದವರ ಮೇಲೆ ಹೊಸ ಷರತ್ತುಗಳನ್ನು ನಂತರ ಹೇರುವುದು ವಿವಾದಕ್ಕೆ ಎಡೆಮಾಡಿಕೊಡುತ್ತದೆ.

8. ಅನುಸರಿಸಬಹುದಾದ ಹಂತಗಳು

ಮೊದಲನೆಯದಾಗಿ, ನಕ್ಷೆ ತಯಾರಿಕೆಯ ಹಂತದಲ್ಲಿ ಶ್ರೇಯಾಂಕ ಪದ್ಧತಿ ಮತ್ತು ವರ್ಗವನ್ನು ಆಯ್ಕೆ ಮಾಡಿ, ಮಾಲೀಕರ ಹತೋಟಿಯಲ್ಲಿರುವ ಅಂಶಗಳಿಂದಲೇ ಎಷ್ಟು ಅಂಕಗಳು ದೊರೆಯುತ್ತವೆ ಎಂದು ಲೆಕ್ಕಹಾಕಬೇಕು. ನಿವೇಶನ, ಛಾವಣಿ, ಹೊರಗೋಡೆ, ಕಿಟಕಿಯ ನೆರಳು, ಮಳೆನೀರು, ಸಾಮಾನ್ಯ ಶೌಚಾಲಯ, ಸೌರ ಫಲಕ ಇವು ಮಾಲೀಕರ ಹತೋಟಿಯವು. ಬೇಕಾದ ಕನಿಷ್ಠ ಶ್ರೇಣಿಯು ಇವುಗಳಿಂದಲೇ ಲಭ್ಯವಾಗುವಂತೆ ಯೋಜಿಸಿದಲ್ಲಿ ಯಾವ ಬಾಡಿಗೆದಾರರ ನಡೆಯಿಂದಲೂ ಪ್ರಮಾಣಪತ್ರಕ್ಕೆ ಕುತ್ತು ಬರುವುದಿಲ್ಲ.

ಎರಡನೆಯದಾಗಿ, ಬಾಡಿಗೆದಾರರ ಮಾರ್ಗದರ್ಶಿ ಮತ್ತು ಒಪ್ಪಂದದ ಕರಡನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸಿ, ಮುಂಗಡ ಹಣ ಪಡೆಯುವ ಮುನ್ನ ನೀಡಬೇಕು. ಓದಲಾಗದ ಷರತ್ತಿಗೆ ಸಹಿ ಮಾಡಿಸಿಕೊಂಡರೂ ಅದು ಪಾಲನೆಗೆ ಬರುವುದಿಲ್ಲ.

ಮೂರನೆಯದಾಗಿ, ಮಾಲೀಕರು ಸಾಧ್ಯವಿದ್ದಷ್ಟು ಒಳಾಂಗಣ ವ್ಯವಸ್ಥೆಯನ್ನು ತಾವೇ ಒದಗಿಸಿ, ಅದರ ವೆಚ್ಚವನ್ನು ಬಾಡಿಗೆಯಲ್ಲಿ ಹಂಚಬಹುದು. ದಕ್ಷ ದೀಪ ಮತ್ತು ಫ್ಯಾನುಗಳು ಮೊದಲೇ ಇದ್ದಲ್ಲಿ ಬಾಡಿಗೆದಾರರು ಅವುಗಳನ್ನು ತೆಗೆದು ಬೇರೆಯದನ್ನು ಹಾಕುವುದು ಕಡಿಮೆ.

ನಾಲ್ಕನೆಯದಾಗಿ, ಪ್ರತಿ ಮಳಿಗೆಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಪ್ರತ್ಯೇಕ ಮಾಪಕವಿರುವುದರ ಜೊತೆಗೆ, ಏರುಪಂಪು, ಲಿಫ್ಟು, ಸಾಮಾನ್ಯ ದೀಪಗಳಿಗೆ ಬೇರೆ ಮಾಪಕವಿರಬೇಕು. ನೀರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಮಾಸಿಕ ಬಳಕೆಯನ್ನು ಪ್ರತಿ ಚದರ ಮೀಟರಿನ ಲೆಕ್ಕದಲ್ಲಿ ಬಾಡಿಗೆದಾರರಿಗೆ ತಿಳಿಸಿದಲ್ಲಿ, ಹೆಚ್ಚು ಬಳಸುವವರು ತಾವಾಗಿಯೇ ಎಚ್ಚೆತ್ತುಕೊಳ್ಳಲು ಅನುಕೂಲವಾಗುತ್ತದೆ.

ಐದನೆಯದಾಗಿ, ಬಾಡಿಗೆದಾರರು ಬದಲಾದಾಗಲೆಲ್ಲಾ ಕಿಟಕಿ, ಗವಾಕ್ಷಿ, ದೀಪದ ಹೊರೆ ಮತ್ತು ನಲ್ಲಿಗಳನ್ನು ಪರಿಶೀಲಿಸಿ ದಾಖಲಿಸಬೇಕು. ‘ಗೃಹ’ದಂತಹ ಶ್ರೇಯಾಂಕಗಳಿಗೆ ಅವಧಿಯ ಮಿತಿ ಇರುವುದರಿಂದ, ನವೀಕರಣದ ವೇಳೆ ಈ ದಾಖಲೆಗಳು ನೆರವಾಗುತ್ತವೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪೂರ್ವಪ್ರಮಾಣೀಕರಣ ದೊರೆತಿದ್ದಲ್ಲಿ ಕಟ್ಟಡವನ್ನು ‘ಹಸಿರು ಪ್ರಮಾಣಿತ’ ಎಂದು ಜಾಹೀರಾತು ನೀಡಬಹುದೇ?
ಉತ್ತರ: ಪೂರ್ವಪ್ರಮಾಣೀಕರಣವು ಉದ್ದೇಶಿತ ವಿನ್ಯಾಸಕ್ಕೆ ನೀಡುವ ಮನ್ನಣೆ. ಕಟ್ಟಡ ಪೂರ್ಣಗೊಂಡು ದಾಖಲೆಗಳ ಪರಿಶೀಲನೆಯಾದ ನಂತರವೇ ಅಂತಿಮ ಪ್ರಮಾಣಪತ್ರ ದೊರೆಯುತ್ತದೆ. ಇವೆರಡನ್ನೂ ಒಂದೇ ಎಂಬಂತೆ ಬಿಂಬಿಸಬಾರದು.

ಪ್ರಶ್ನೆ: ಕಟ್ಟಡಕ್ಕೆ ಪ್ರಮಾಣಪತ್ರವಿದ್ದರೆ ಅದರೊಳಗಿನ ಅಂಗಡಿಗೂ ಅದು ಅನ್ವಯಿಸುತ್ತದೆಯೇ?
ಉತ್ತರ: ಇಲ್ಲ. ಹೊರಕವಚದ ಪ್ರಮಾಣಪತ್ರವು ಮೂಲ ಕಟ್ಟಡಕ್ಕೆ ಸೀಮಿತ. ಬಾಡಿಗೆದಾರರು ತಮ್ಮ ಜಾಗಕ್ಕೆ ಒಳಾಂಗಣದ ಪ್ರತ್ಯೇಕ ಶ್ರೇಯಾಂಕವನ್ನು ಪಡೆಯಲು ಅವಕಾಶವಿರುತ್ತದೆ.

ಪ್ರಶ್ನೆ: ಈಗಾಗಲೇ ಬಾಡಿಗೆಗೆ ನೀಡಿರುವ ಮಳಿಗೆಗಳಿಗೆ ಹೊಸ ಷರತ್ತು ವಿಧಿಸಬಹುದೇ?
ಉತ್ತರ: ಚಾಲ್ತಿಯಲ್ಲಿರುವ ಒಪ್ಪಂದವನ್ನು ಒಬ್ಬರೇ ಬದಲಾಯಿಸುವಂತಿಲ್ಲ. ಪರಸ್ಪರ ಒಪ್ಪಿಗೆಯಿಂದ ಪೂರಕ ಒಪ್ಪಂದ ಮಾಡಿಕೊಳ್ಳಬಹುದು ಅಥವಾ ನವೀಕರಣದ ಸಮಯದಲ್ಲಿ ಸೇರಿಸಬಹುದು.

ಪ್ರಶ್ನೆ: ಸಣ್ಣ ವ್ಯಾಪಾರಿಗೆ ಇದರಿಂದ ಹೊರೆಯಾಗುವುದಿಲ್ಲವೇ?
ಉತ್ತರ: ಆರಂಭಿಕ ವೆಚ್ಚ ಕೆಲವು ಅಂಶಗಳಲ್ಲಿ ಹೆಚ್ಚಾಗಬಹುದು. ಆದರೆ ಕಿಟಕಿಯನ್ನು ಮುಚ್ಚದಿರುವುದಕ್ಕೆ, ಅನವಶ್ಯಕ ದೀಪಗಳನ್ನು ಹಾಕದಿರುವುದಕ್ಕೆ ಖರ್ಚಿಲ್ಲ. ಈ ಎರಡು ಕ್ರಮಗಳಿಂದಲೇ ಉಳಿತಾಯ ಆರಂಭವಾಗುತ್ತದೆ.

ಉಪಸಂಹಾರ

ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಗಳಲ್ಲಿ ಛಾವಣಿಯ ಬೆಳಕಿಂಡಿಯನ್ನು ಯಾರೂ ಮುಚ್ಚುತ್ತಿರಲಿಲ್ಲ. ಏಕೆಂದರೆ ಮನೆಯನ್ನು ಕಟ್ಟಿದವರೂ ಅದರಲ್ಲಿ ವಾಸಿಸುವವರೂ ಒಬ್ಬರೇ ಆಗಿದ್ದರು. ಬಾಡಿಗೆ ಸಂಕೀರ್ಣಗಳಲ್ಲಿ ಈ ಇಬ್ಬರೂ ಬೇರೆಯಾಗಿರುವುದರಿಂದ, ಅಂದು ಮಾತಿಲ್ಲದೆ ಪಾಲನೆಯಾಗುತ್ತಿದ್ದುದನ್ನು ಇಂದು ಬರವಣಿಗೆಯಲ್ಲಿ ಇಡಬೇಕಾಗಿರುತ್ತದೆ. ಹಸಿರು ಕಟ್ಟಡದ ಪ್ರಮಾಣಪತ್ರವು ಮುಂಭಾಗದ ಗೋಡೆಯ ಮೇಲೆ ತೂಗುಹಾಕುವ ಫಲಕವಾಗಿ ಮಾತ್ರ ಉಳಿಯದೆ ಒಳಗೆ ದುಡಿಯುವವರಿಗೂ ಪ್ರಯೋಜನಕಾರಿಯಾಗಬೇಕಾದಲ್ಲಿ, ಮಾಲೀಕರು ಮತ್ತು ಬಾಡಿಗೆದಾರರು ಬೀಗದ ಕೈ ಹಸ್ತಾಂತರವಾಗುವ ಮುನ್ನವೇ ಒಂದೆಡೆ ಕುಳಿತು, ಅಳತೆಯುಳ್ಳ ಷರತ್ತುಗಳನ್ನು ಒಪ್ಪಂದದಲ್ಲಿ ದಾಖಲಿಸಿಕೊಳ್ಳುವುದು ಅತ್ಯವಶ್ಯವಾಗಿರುತ್ತದೆ.